ಏಪ್ರಿಲ್ ಹದಿನೈದರೊಳಗೆ

ಎರಡು ಪತ್ರ ಬಂದಿವೆ. ಎರಡೂ ಒಂದೇ ಮಾತಿನಿಂದ ಶುರು:
ತಿಳಿಸಲು ಸಂತೋಷವಾಗುತ್ತದೆ.
ಸಂತೋಷ ಅವರಿಗೆ. ನನಗೆ ಕೋಡಿಬಾಗದ ತಾರಸಿಯ ಮೇಲೆ
ಬೆವರು, ಮೊಬೈಲಿನಲ್ಲಿ ಹನ್ನೊಂದು ಪರ್ಸೆಂಟು ಚಾರ್ಜು,
ಬೆಳಗಿನಿಂದ ಕರೆಂಟಿಲ್ಲ.

ಒಂದು, ಸರೋವರದ ದಂಡೆಯ ಊರಿನಿಂದ.
ಐದು ವರ್ಷ, ತಿಂಗಳ ಸಂಬಳ, ಬದಲಿಗೆ ಅಲ್ಲಿನ ಹುಡುಗರಿಗೆ
ಪ್ರಬಂಧ ಬರೆಯಲು ಕಲಿಸಬೇಕು, ಅವರದೇ ಇಂಗ್ಲಿಷಿನಲ್ಲಿ.
ಅದಕ್ಕೂ ಮೊದಲು ನನಗೆ ಇಂಗ್ಲಿಷ್ ಬರುತ್ತದೆಂದು
ಪಣಜಿಗೆ ಹೋಗಿ, ಹೆಡ್‌ಫೋನು ಹಾಕಿಕೊಂಡು,
ಗೋಡೆಯೊಂದಿಗೆ ಮಾತಾಡಿ ರುಜುವಾತು ಮಾಡಿ ಬಂದೆ,
ಆರು ವರ್ಷ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿದವಳು.

ಇನ್ನೊಂದು, ಹಳೇ ಗಡಿಯಾರಗಳ ಊರಿನಿಂದ.
ಫೀಸು ಮಾಫಿ. ಹೊಟ್ಟೆಯ ವಿಚಾರ ಎರಡನೇ ಪುಟದಲ್ಲಿ,
'ಇತರ ಮೂಲಗಳಿಂದ' ಎಂಬ ಎರಡೇ ಶಬ್ದ.
ಆದರೆ ಅಲ್ಲಿದೆ ನಾನು ಓದಬೇಕಾದ ಪೆಟ್ಟಿಗೆ:
ಮೆಣಸಿಗಾಗಿ ಬಂದ ಕಂಪನಿಯ ಗುಮಾಸ್ತರು
ಇದೇ ಅಳಿವೆಯ ದಡದಲ್ಲಿ ಸೊಳ್ಳೆ ಹೊಡೆಯುತ್ತ ಕೂತು
ಊರಿಗೆ ಬರೆದ ಕಾಗದಗಳು.
ಅದರಲ್ಲೊಂದು ಸಾಲು: ಮೀನಿನವಳು ಇಂದೂ ದರ ಇಳಿಸಲಿಲ್ಲ.
ಹೆಸರಿಲ್ಲ. ಮುಂದಿನ ಸಾಲಿಗೆ ಮಳೆ.
ಇಲ್ಲಿಯವಳೇ ಆದ ಅವಳನ್ನು ಹುಡುಕಲು
ನನಗೆ ವೀಸಾ ಬೇಕು.

ಅರ್ಜಿಯಲ್ಲಿ ತಾಯ್ನುಡಿಗೆ ಒಂದೇ ಚೌಕ.
ಅಡುಗೆಮನೆಯ ಕೊಂಕಣಿ ಬರೆಯಲೋ,
ಲೆಕ್ಕ ಮಾಡುವ, ಬೈಯುವ, ಡೈರಿ ಬರೆಯುವ ಕನ್ನಡವನ್ನೋ?
ಒಂದು ಕಡೆ ಅದನ್ನು ಬರೆದೆ, ಇನ್ನೊಂದು ಕಡೆ ಇದನ್ನು.
ಎರಡೂ ಕಡೆ ಒಪ್ಪಿಕೊಂಡರು.

ಬೈತಖೋಲ ಬಂದರಿನಲ್ಲಿ ಶೆವಂತಿ ಮಾವಶಿ
ಇಸವಾಣದ ಕಿವಿರು ಎತ್ತಿ ನೋಡುತ್ತಿದ್ದಳು.
ಕಣ್ಣು ನೋಡಬೇಡ, ಬರ್ಫು ಕಣ್ಣಿಗೆ ಹೊಳಪು ಕೊಡುತ್ತದೆ, ಅಂದಳು.
ನಾನು ಪತ್ರಗಳ ಸುದ್ದಿ ತೆಗೆದಿರಲಿಲ್ಲ;
ಅವಳು ಮೀನಿನ ವಿಚಾರವನ್ನೇ ಹೇಳಿದ್ದು.
ಆದರೂ ಆ ರಾತ್ರಿ ಕಿವಿರು ಎತ್ತಿದೆ:
ಬೇಸಿಗೆಯ ಮೂರು ತಿಂಗಳು ಸಂಬಳ ಉಂಟೋ?
ಹಲ್ಲುನೋವು ಬಂದರೆ? ಗೈಡಿನ ನಿವೃತ್ತಿ ಯಾವಾಗ?
ಸೇರಿದ ಹತ್ತು ಜನರಲ್ಲಿ ಮುಗಿಸಿದವರೆಷ್ಟು?
ಅಲ್ಲೊಬ್ಬರಿಗೆ, ಇಲ್ಲೊಬ್ಬರಿಗೆ ಬರೆದೆ.

ಗಡಿಯಾರದ ಊರಿನವನು ಎಷ್ಟು ಸೊಗಸಾಗಿ ಬರೆದ!
ಎರಡು ಪುಟ, ಒಂದಕ್ಕೂ ಉತ್ತರವಿಲ್ಲ.
ಸರೋವರದ ಊರಿನಿಂದ ನೈಜೀರಿಯಾದ ಎಬೆಲೆ, ರಾತ್ರಿ ಎರಡಕ್ಕೆ:
ಬೇಸಿಗೆಗೆ ಸಂಬಳ ಇಲ್ಲ. ಹೀಟರಿನ ಬಿಲ್ಲು ಕೊಲ್ಲುತ್ತದೆ.
ಸರೋವರ ಸಮುದ್ರದಂತೇ ಕಾಣುತ್ತದೆ, ನಂಬಬೇಡ, ಉಪ್ಪಿಲ್ಲ.
ಗೈಡು ಒಳ್ಳೆಯವಳು, ಮರೆವು ಜಾಸ್ತಿ.
ಬಾ. ನನ್ನ ಬಳಿ ಇನ್ನೊಂದು ಕೋಟು ಇದೆ.

ಹೂಂ ಅನ್ನಲು ಒಂದು ಗುಂಡಿ ಒತ್ತಿದರಾಯಿತು.
ಇಲ್ಲ ಅನ್ನಲು ಮೂರು ದಿನ.
ಗಡಿಯಾರದ ಊರಿನ ಆ ಮುದುಕರು
ನನ್ನ ನಲವತ್ತು ಪುಟ ಓದಿ, ಒಂದು ಅಡಿಟಿಪ್ಪಣಿಯ ಬಳಿ ಬರೆದಿದ್ದರು:
ಈ ಹಡಗು ಜೂನಿನಲ್ಲಿ ಬಂದಿರಲಾರದು, ತಾಂಡೇಲ್,
ನಿಮ್ಮ ಮಳೆ ನಿಮಗೇ ಗೊತ್ತಿರಬೇಕು.
ಜೂನಿನಲ್ಲಿ ಬೋಟು ದಡಕ್ಕೆಳೆದು ತಾಡಪಾಲು ಹೊದೆಸುವ ಮನೆಯವಳು ನಾನು,
ತಲೆ ತಗ್ಗಿಸಿದೆ.
ಇಷ್ಟು ಗಮನ ಕೊಟ್ಟು ನನ್ನನ್ನು ಓದಿದವರು ಇನ್ನಾರು?

ಮಾವಶಿಯಾದರೆ ಇಲ್ಲ ಅನ್ನುವುದೇ ಇಲ್ಲ,
ಗಿರಾಕಿಯ ಭುಜದಾಚೆ ನೀರು ನೋಡುತ್ತಾಳೆ.
ಇಂಗ್ಲಿಷಿನಲ್ಲಿ ಎಲ್ಲಿ ನೋಡುವುದು?
ವಿಷಾದ ಬರೆದು ಅಳಿಸಿದೆ. ಗೌರವ ಬರೆದೆ, ಅಳಿಸಿದೆ.
ಕೊನೆಗೆ: ಜೂನನ್ನು ತಿದ್ದಿದ್ದೇನೆ. ಬರಲಾರೆ.
ಪೆಟ್ಟಿಗೆ ನೋಡಲು ಒಂದು ಬೇಸಿಗೆ ಬಂದೇನು,
ಹೇಗೂ ಸಂಬಳವಿಲ್ಲದ ಬೇಸಿಗೆ.

ಕಳಿಸುವಾಗ ಎರಡು ಪರ್ಸೆಂಟು ಇತ್ತು.
ಹೋಯಿತೋ ಇಲ್ಲವೋ,
ಕರೆಂಟು ಬಂದ ಮೇಲೆ ನೋಡಬೇಕು.